ಹೊಳಗುಂದದ ಡ್ರೈವರಿಗೆ ಆಚೆ ಕೋರ್ಟಿನಲ್ಲಿ ವಕಾಲತ್ತು

ನನಗೆ ಕಾನೂನಿಗಿಂತ ಮೊದಲು ಬಂದದ್ದು ಕೆಮ್ಮು. ಆದೋನಿಯಲ್ಲಿ ನಾನು ಜೂನಿಯರಾಗಿ ಸೇರಿದ ವಕೀಲ ಶ್ರೀಪಾದರಾಯರು ವಾದಕ್ಕೆ ಏಳುವ ಮುನ್ನ ಮೂರು ಬಗೆಯಲ್ಲಿ ಕೆಮ್ಮುತ್ತಿದ್ದರು. ಮೊದಲನೆಯದು ಎದುರು ವಕೀಲರಿಗೆ ಎಚ್ಚರಿಕೆ, ಎರಡನೆಯದು ನ್ಯಾಯಾಧೀಶರಿಗೆ ವಿಜ್ಞಾಪನೆ, ಕೊನೆಯದು ಬಾಯಲ್ಲಿದ್ದ ಅಡಿಕೆ ಚೂರನ್ನು ದವಡೆಯ ಮೂಲೆಗೆ ತಳ್ಳುವುದಕ್ಕೆ. ಸೇರಿದ ಕೆಲವೇ ದಿನಗಳಲ್ಲಿ ನಾನು ಮೂರನ್ನೂ ಕಲಿತೆ. ಕ್ರಿಮಿನಲ್ ಕಾನೂನು ಕಲಿಯಲು ವರ್ಷಗಳು ಹಿಡಿದವು. ಕಲಿತದ್ದು ಮುಗಿದಿದೆ ಎಂದು ನನ್ನ ಎದುರು ವಾದಿಸಿದ ಯಾರೂ ಇಂದಿಗೂ ಒಪ್ಪುವುದಿಲ್ಲ.

ಈಗ ಕರಿ ಕೋಟು ಟ್ರಂಕಿನಲ್ಲಿದೆ. ಗಂಟಲು ಮಾತ್ರ ಇನ್ನೂ ಇಪ್ಪತ್ತೈದರ ವಯಸ್ಸಿನದೇ, ಕೇಳಿದ ದನಿಯನ್ನೆಲ್ಲ ಅನುಕರಿಸುತ್ತದೆ. ಹೊಸದಾಗಿ ಸನ್ನದು ಪಡೆದ ಹುಡುಗರು ಮನೆಗೆ ಬಂದು ದೊಡ್ಡ ಕೇಸುಗಳನ್ನು ಹೇಳಿ ಎಂದು ಕೂರುತ್ತಾರೆ. ಅವರ ದನಿಯಲ್ಲೇ ಅವರಿಗೆ ಉತ್ತರ ಕೊಟ್ಟರೆ ಎರಡನೆಯ ಸಲ ಬರುವುದಿಲ್ಲ. ಆದ್ದರಿಂದ ಬರೆದೇ ಇಡುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವ ಸಂಘದಲ್ಲಿ ಹಾರ ಹಾಕಿಸಿಕೊಂಡೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ಒಂದು ಲಾರಿಯ ವಿಷಯ ಹೇಳುತ್ತೇನೆ. ಅದರ ಡ್ರೈವರು ಹೊಳಗುಂದದ ಈರಣ್ಣ. ವಕೀಲಿಕೆ ಎಂದರೇನು ಎಂದು ನನಗೆ ಗೊತ್ತಾದದ್ದು ಅವನ ಪಕ್ಕದಲ್ಲಿ ನಿಂತಾಗ.

ಐವತ್ತಮೂರರಲ್ಲಿ ಮದ್ರಾಸಿನಿಂದ ಆಂಧ್ರ ಬೇರೆಯಾಯಿತು. ಬಳ್ಳಾರಿ ಜಿಲ್ಲೆಯ ಆದೋನಿಯಲ್ಲಿ ಮಲಗಿದ ನಾವು ಕರ್ನೂಲು ಜಿಲ್ಲೆಯ ಆದೋನಿಯಲ್ಲಿ ಎದ್ದೆವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಯಾರೂ ಕೂತ ಜಾಗದಿಂದ ಅಲ್ಲಾಡಿರಲಿಲ್ಲ. ರಾಜ್ಯಗಳೇ ನಮ್ಮ ತಲೆಯ ಮೇಲಿಂದ ಅತ್ತಿತ್ತ ಸರಿದಿದ್ದವು. ಹೊಳಗುಂದದ ಕಡೆಯವರಿಗೆ ಬೀಗರು, ಸಂತೆ, ಹಲ್ಲು ಕೀಳುವವನು ಎಲ್ಲ ಇದ್ದದ್ದು ಹಳ್ಳದ ಆಚೆ. ಈಗ ಆ ಹಳ್ಳವೇ ಎರಡು ರಾಜ್ಯಗಳ ಗಡಿ. ಮೊಣಕಾಲುದ್ದ ನೀರು. ಎಮ್ಮೆಗಳು ಅದರಲ್ಲಿ ಅರ್ಧ ಮೈ ಆಂಧ್ರದಲ್ಲಿ, ಅರ್ಧ ಮೈಸೂರಿನಲ್ಲಿ ಇಟ್ಟು ಮಲಗುತ್ತಿದ್ದವು.

ಎಮ್ಮೆಗಳಿಗೆ ಇಲ್ಲದ ತೊಂದರೆ ಲಾರಿಗಳಿಗೆ ಬಂತು. ಒಂದು ಕಡೆಯ ಪರ್ಮಿಟ್ ಪಡೆದ ಲಾರಿ ಇನ್ನೊಂದು ರಾಜ್ಯದಲ್ಲಿ ಓಡಬೇಕಾದರೆ ಆ ಕಡೆಯ ಸಾರಿಗೆ ಅಧಿಕಾರಿಯ ಮೇಲುರುಜು ಬೇಕು. ಅದನ್ನು ಮಾಡಿಸಬೇಕಾದವನು ಲಾರಿಯ ಮಾಲೀಕ. ಮಾಡಿಸದೆ ಓಡಿಸಿದರೆ ಸಿಕ್ಕಿಬೀಳುವವನು ಚಕ್ರ ಹಿಡಿದವನು. ದಂಡವನ್ನು ಮಾಲೀಕ ಕಟ್ಟುತ್ತಿದ್ದ. ಶಿಕ್ಷೆಯಾದದ್ದನ್ನು ಮಾತ್ರ ಕೋರ್ಟು ಡ್ರೈವರನ ಲೈಸೆನ್ಸಿನಲ್ಲಿ ಬರೆದು ಕೊಡುತ್ತಿತ್ತು. ಹಾಗೆ ಬರೆದದ್ದು ಹೆಚ್ಚಾದರೆ ಲೈಸೆನ್ಸೇ ಹೋಗಬಹುದು.

ಆದೋನಿಯ ಸಾಹುಕಾರರ ಲಾರಿಗಳನ್ನು ಆಚೆ ತಾಲ್ಲೂಕಿನಲ್ಲಿ ಹಿಡಿದರೆ ಕೇಸು ರಾಯರ ಕಚೇರಿಗೆ ಬರುತ್ತಿತ್ತು. ರಾಯರ ಪದ್ಧತಿ ಸರಳ. ಡ್ರೈವರುಗಳನ್ನು ಸಾಲಾಗಿ ನಿಲ್ಲಿಸುವುದು. ಮ್ಯಾಜಿಸ್ಟ್ರೇಟರು "ತಪ್ಪು ಒಪ್ಪುತ್ತೀಯಾ?" ಎಂದಾಗ ಪ್ರತಿಯೊಬ್ಬನೂ "ತಪ್ಪಾಗೈತಿ ಬುದ್ಧೀ" ಎನ್ನುವುದು. ದಂಡ ಕಟ್ಟುವುದು. ಊಟದ ಹೊತ್ತಿಗೆ ಬಸ್ಸು. ನಾನು ಆ ಸಾಲಿನ ಪಕ್ಕ ನಿಂತು, ಯಾರಾದರೂ ಮರೆತರೆ ಬೆನ್ನಿಗೆ ಬೆರಳು ಒತ್ತುವವನು. ವಕಾಲತ್ತು ಎಂದರೆ ಬೆರಳು ಒತ್ತುವುದು ಎಂದೇ ಬಹಳ ದಿನ ತಿಳಿದಿದ್ದೆ.

ಆ ಕೋರ್ಟಿನಲ್ಲಿ ರಾಯರಿಲ್ಲದೆ ನಾನೊಬ್ಬನೇ ಮೊದಲು ವಾದಿಸಿದ ಕೇಸು ಎಮ್ಮಿಗನೂರಿನ ಒಬ್ಬ ನೇಕಾರರದು. ಸೈಕಲ್ಲಿನ ಹಿಂದೆ ಸೀರೆ ಗಂಟು ಕಟ್ಟಿಕೊಂಡು ಆಚೆ ಊರಿಗೆ ಹೋದವರನ್ನು, ಸೈಕಲ್ಲಿಗೆ ದೀಪ ಇರಲಿಲ್ಲ ಎಂದು ಹಿಡಿದಿದ್ದರು. ನಾನು ರಾಯರ ಮೂರೂ ಕೆಮ್ಮು ಕೆಮ್ಮಿ, ಅಂದು ಹಾಲು ಚೆಲ್ಲಿದಂಥ ಬೆಳದಿಂಗಳಿತ್ತು, ದೀಪದ ಅಗತ್ಯವೇ ಇರಲಿಲ್ಲ ಎಂದು ವಾದಿಸಿದೆ. ಬೆಳದಿಂಗಳ ವರ್ಣನೆ ಚೆನ್ನಾಗಿಯೇ ಬಂತು. ಮ್ಯಾಜಿಸ್ಟ್ರೇಟರು ಬೆಂಚ್ ಗುಮಾಸ್ತನ ಕಡೆ ತಿರುಗಿದರು. ಅವನು ಗೋಡೆಯ ಕ್ಯಾಲೆಂಡರು ನೋಡಿ, "ಅವತ್ತು ಅಮಾವಾಸ್ಯೆ ಸ್ವಾಮಿ" ಎಂದ. ನೇಕಾರರು ನನ್ನನ್ನು ಬೈಯಲಿಲ್ಲ. ಹೊರಗೆ ಬಂದ ಮೇಲೆ, "ನೀವು ಹೇಳೋದು ಕೇಳಿ ನನಗೂ ಬೆಳದಿಂಗಳ ಇತ್ತೇನೋ ಅನಿಸಿತ್ರಿ" ಎಂದರು. ಹುಡುಗರೇ, ಕೇಸಿನ ಜಾಗವನ್ನು, ಹೊತ್ತನ್ನು ಕಣ್ಣಾರೆ ನೋಡದೆ ಬಾಯಿ ತೆರೆಯಬೇಡಿ. ಈ ಬುದ್ಧಿ ನನಗೆ ಅಂದು ಬಂತು.

ಈರಣ್ಣ ಕಚೇರಿಗೆ ಬಂದದ್ದು ಆಮೇಲೆ. ಗಟ್ಟಿ ಆಳು, ಕೂತರೆ ನಮ್ಮ ಬೆಂಚು ಕಿರುಗುಟ್ಟುತ್ತಿತ್ತು. ಸಾಹುಕಾರ ಚನ್ನಪ್ಪನವರ ಹತ್ತಿ ಲಾರಿಯ ಡ್ರೈವರು. ಎರಡು ಸಲ ಆಚೆ ಕೋರ್ಟಿನಲ್ಲಿ ತಪ್ಪೊಪ್ಪಿದ್ದ. ಎರಡನೆಯ ಸಲ ಮ್ಯಾಜಿಸ್ಟ್ರೇಟರು ಲೈಸೆನ್ಸು ತಿರುಗಿಸಿ ನೋಡಿ, ಇನ್ನೊಮ್ಮೆ ಬಂದರೆ ಓಡಿಸುವುದನ್ನೇ ನಿಲ್ಲಿಸುತ್ತೇನೆ ಎಂದು ತೆರೆದ ಕೋರ್ಟಿನಲ್ಲಿ ಹೇಳಿದ್ದರು. ಈಗ ಮೂರನೆಯ ಸಲ ಸಿಕ್ಕಿಬಿದ್ದಿದ್ದ.

"ಈ ಸಲ ನಾ ಒಪ್ಪಂಗಿಲ್ರಿ ರಾಯ್ರ" ಎಂದ.

ರಾಯರು ಎಲೆಗೆ ಸುಣ್ಣ ಸವರುತ್ತ, "ಒಪ್ಪದ ಏನ್ಮಾಡ್ತಿ? ಮೇಲುರುಜು ಇತ್ತೇನಪಾ?" ಎಂದರು.

"ಇಲ್ಲ."

"ಗಾಡಿ ನೀನ ಓಡಸಿದ್ದಿ?"

"ನಾನ."

"ಮತ್ತ?"

"ಮತ್ತ ಏನು ಅಂತ ನನಗ ಗೊತ್ತಿದ್ರ ನಿಮ್ಮಲ್ಲಿಗ್ಯಾಕ ಬರತಿದ್ದೆ? ಲೈಸೆನ್ಸ್ ಹೋದ್ರ ನಾ ಏನ್ ಮಾಡ್ಲಿ ಹೇಳ್ರಿ. ಹೊಲ ಇಲ್ಲ. ಬ್ಯಾರೆ ಕೆಲಸ ಈ ಕೈಗೆ ಬರಂಗಿಲ್ಲ. ಹದಿನಾರಕ್ಕ ಸ್ಟೇರಿಂಗ್ ಹಿಡಿದಾವು ಇವು."

ಕೇಸು ಸಾಹುಕಾರರ ಮೂಲಕ ಬಂದದ್ದು, ಅವರನ್ನು ಕೇಳಿ ಬಾ ಎಂದರು ರಾಯರು. ಈರಣ್ಣ ಎದ್ದು ಹೋದ. ಅವನು ಹೊಸಿಲು ದಾಟಿದ್ದೇ, ನಾನು ನನ್ನ ಬೆಂಚಿನಿಂದ ಎದ್ದು ರಾಯರ ದನಿಯಲ್ಲಿ ಗೋಡೆಗೆ ಕೈಮುಗಿದು, "ಮಹಾಸ್ವಾಮಿ, ನನ್ನ ಕಕ್ಷಿದಾರ ತಪ್ಪು ಒಪ್ಪುತ್ತಾನೆ. ಅವನ ತಂದೆಯೂ ಒಪ್ಪುತ್ತಾನೆ. ಮುಂದೆ ಹುಟ್ಟುವ ಮಗುವೂ ಒಪ್ಪುತ್ತದೆ, ಹುಟ್ಟಿದ ಕೂಡಲೇ ದಂಡ ಕಟ್ಟಿಸುತ್ತೇನೆ" ಎಂದೆ. ನಮ್ಮ ಕಚೇರಿಯ ಗುಮಾಸ್ತ ನಗಲಿಲ್ಲ. ಅವನ ಕಣ್ಣು ನನ್ನ ಬೆನ್ನ ಹಿಂದೆ ಇತ್ತು. ಒಳಕೋಣೆಗೆ ಹೋಗಿದ್ದ ರಾಯರು ಬಾಗಿಲಲ್ಲಿ ನಿಂತಿದ್ದರು.

"ಕೆಮ್ಮು ಬಿಟ್ಟಿ" ಎಂದರು. "ಮಾಡೋದಿದ್ರ ಪೂರಾ ಮಾಡು." ಸ್ವಲ್ಪ ಹೊತ್ತು ಅಡಿಕೆ ಅಗಿದು, "ಅಷ್ಟು ಸೊಕ್ಕು ಇದ್ರ ಈರಣ್ಣನ ಕೇಸು ನೀನ ನಡಸು. ಸಾಹುಕಾರರಿಗೆ ನಾ ಎದುರು ನಿಲ್ಲಂಗಿಲ್ಲ, ಅವರ ಅನ್ನ ತಿಂತೀನಿ. ನೀ ಇನ್ನೂ ಯಾರ ಅನ್ನಾನೂ ತಿಂದಿಲ್ಲ. ಸೋತರ ಈ ಬೆಂಚಿಗೆ ಬರಬ್ಯಾಡ" ಎಂದರು.

ಕೆಣಕಿದವನು ನಾನೇ ಆದ್ದರಿಂದ ಹಿಂದೆ ಸರಿಯಲು ದಾರಿ ಇರಲಿಲ್ಲ. ಬೆಳದಿಂಗಳ ಕೇಸು ನೆನೆದು, ಮೊದಲು ಜಾಗ ನೋಡೋಣ ಎಂದು ಈರಣ್ಣನ ಲಾರಿಯಲ್ಲಿ ಅವನ ಪಕ್ಕ ಕೂತು ಹೊಳಗುಂದ ದಾಟಿ ಹಳ್ಳದ ತನಕ ಹೋದೆ. ದಾರಿಯುದ್ದಕ್ಕೂ ಅವನು ಇಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ ಸಾಹುಕಾರರನ್ನು ಬೈದ. ನಾನು ಸಾಹುಕಾರರ ದನಿಯಲ್ಲಿ ಉತ್ತರ ಕೊಟ್ಟೆ. ಒಂದು ತಿರುವಿನಲ್ಲಿ ಅವನಿಗೆ ನಿಜವಾಗಿಯೂ ಸಿಟ್ಟು ಬಂದು ಸಂಬಳ ಹೆಚ್ಚಿಸಿ ಎಂದು ನನ್ನನ್ನೇ ಕೇಳಿದ.

ಹಳ್ಳಕ್ಕೆ ರಸ್ತೆ ಇಳಿಯುವ ಮೊದಲು, ನಮ್ಮ ದಂಡೆಯ ಮೇಲೆ, ಒಂದು ಹುಣಸೆಮರ. ಅದರ ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲು, ದುರುಗಮ್ಮ. ಈರಣ್ಣ ಅಲ್ಲಿ ಲಾರಿ ನಿಲ್ಲಿಸಿ ಇಳಿದ. ಹಿಂದೆ ಹೋಗಿ, ಅಂಡಿಗೆ ಎಂದು ಕರೆಯುವ ಹತ್ತಿ ಮೂಟೆಯಿಂದ ಒಂದು ಎಳೆ ಕಿತ್ತು ತಂದು ಕಲ್ಲಿನ ಮುಂದೆ ಇಟ್ಟ. ಅಲ್ಲಿ ಆಗಲೇ ಹತ್ತಿ, ಶೇಂಗಾ, ಜೋಳದ ಕಾಳು ಎಲ್ಲ ಬಿದ್ದಿದ್ದವು. ಯಾವ ಲಾರಿ ಏನು ಹೇರಿಕೊಂಡು ಹೋಗುತ್ತದೋ ಅದರಲ್ಲಿ ಒಂದು ಚಿಟಿಕೆ ದುರುಗಮ್ಮನಿಗೆ ಕೊಡದೆ ಯಾವ ಡ್ರೈವರೂ ಹಳ್ಳಕ್ಕೆ ಚಕ್ರ ಇಳಿಸುತ್ತಿರಲಿಲ್ಲ.

"ನಿನ್ನನ್ನು ಹಿಡಿದದ್ದು ಎಲ್ಲಿ?" ಎಂದು ಕೇಳಿದೆ.

"ಇಲ್ಲೇ ರಿ. ಎಲ್ಲಾರನ್ನೂ ಇಲ್ಲೇ ಹಿಡೀತಾರ. ಆಚೆ ದಂಡಿಗೆ ನೆರಳಿಲ್ಲ. ಏರು ಬ್ಯಾರೆ, ಕೈ ತೋರಿಸಿದ್ರ ಯಾವ ಗಾಡಿನೂ ನಿಲ್ಲಂಗಿಲ್ಲ. ಇಲ್ಲಿ ತಾನಾಗೇ ನಿಲ್ತಾವು. ಆಚೆ ಪೊಲೀಸ್ ದಫೇದಾರ ಆ ಬೊಡ್ಡಿಗೆ ಒರಗಿ ಕುಂತಿರ್ತಾನ. ನಾವು ಕಣ್ಣು ಮುಚ್ಚಿ ಕೈ ಮುಗೀತೀವಿ, ಕಣ್ಣು ತೆಗೆದ್ರ ಎದುರಿಗೆ ದಫೇದಾರ."

"ಇದು ನಮ್ಮ ದಂಡೆ ಅಲ್ಲವೇ ಈರಣ್ಣ?"

"ದುರುಗಮ್ಮ ಆಚೆ ಊರಾಕಿ ಅಲ್ಲೇನ್ರಿ? ಪೂಜಾರಿ ಆಚೆ ಊರಾವ. ಆಕಿ ಎಲ್ಲಿ ಕುಂತಾಳೋ ಅಲ್ಲಿಗೆ ಆಚೆ ಊರು ಸುರು" ಎಂದ, ನನಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ. ಹಿಡಿಯುವ ದಫೇದಾರನಿಗೂ ಅದೇ ನಂಬಿಕೆ, ಹಿಡಿಸಿಕೊಳ್ಳುವ ಡ್ರೈವರಿಗೂ ಅದೇ ನಂಬಿಕೆ. ನಿಜ ಹೇಳಬೇಕೆಂದರೆ, ನಾನೂ ತಲೆಯಾಡಿಸಿದೆ.

ಆಗ ಹಳ್ಳ ದಾಟಿ ಪೂಜಾರಿ ತಿಮ್ಮಪ್ಪ ಬಂದ. ಮೂಗಿನಿಂದ ಮಾತಾಡುವ ಮುದುಕ. ಕೈಯಲ್ಲಿ ಎಲೆ ಅಡಿಕೆ ಇಟ್ಟ ತಟ್ಟೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಪೂಜೆಗೆ ಚಪ್ಪರದ ಕಂಬ ನೆಡಬೇಕು, ಈ ಕಡೆಯ ಗೌಡರ ಹತ್ತಿರ ನೆಲ ಕೇಳಲು ಹೊರಟಿದ್ದೇನೆ ಎಂದ. ದೊಡ್ಡ ಹೆಜ್ಜೆ ಹಾಕುತ್ತ ನಮ್ಮೂರಿನ ಕಡೆ ಹೋದ. ನನಗೆ ಅವನ ಮೂಗು ಬಹಳ ಹಿಡಿಸಿತು. ಅವನು ಹೇಳಿದ್ದರಲ್ಲಿ ಏನಿದೆ ಎಂಬುದು ಹೊಳೆಯಲಿಲ್ಲ.

ಮರುದಿನ ಕಚೇರಿಯಲ್ಲಿ ಗುಮಾಸ್ತನಿಗೆ ಪೂಜಾರಿಯನ್ನು ಮಾಡಿ ತೋರಿಸಿದೆ. ತಟ್ಟೆಗೆ ಬದಲು ಕೇಸಿನ ಕಟ್ಟು ಹಿಡಿದು, ಮೂಗಿನಿಂದ, "ಗೌಡ್ರಿಗೆ ನೆಲಾ ಕೇಳಿ ಬರತೀನಪ್ಪಾ, ಅಪ್ಪಣಿ ಇಲ್ಲದ ಗುಣಿ ತೆಗೆಯಂಗಿಲ್ಲ" ಎಂದೆ. ಗುಮಾಸ್ತ ನಕ್ಕ. ಒಳಗಿನಿಂದ ಅಡಿಕೆ ಅಗಿಯುವ ಸದ್ದು ನಿಂತಿತು.

"ಗೋಪಾಲಾ, ಇನ್ನೊಮ್ಮೆ ಮಾಡು" ಎಂದರು ರಾಯರು.

ನನ್ನ ಕಲೆಗೆ ಕೊನೆಗೂ ಮನ್ನಣೆ ಬಂತು ಎಂದುಕೊಂಡು ಇನ್ನಷ್ಟು ಮೂಗು ಸೇರಿಸಿ ಮಾಡಿದೆ.

"ಯಾವ ಗೌಡಗ ಕೇಳತಾನ?"

"ನಮ್ಮ ಕಡೆ ಗೌಡರಿಗೆ."

"ಯಾಕ?"

ತಟ್ಟೆಯಾಗಿದ್ದ ಕೇಸಿನ ಕಟ್ಟನ್ನು ಮೇಜಿನ ಮೇಲಿಟ್ಟೆ. ದೇವರು ಅವರ ಊರಿನವಳು. ನೆಲ ನಮ್ಮ ಊರಿನದು. ನಮ್ಮ ನೆಲ ಎಂದರೆ ಆಂಧ್ರ. ಆ ಮರದ ಕೆಳಗೆ ನಿಂತ ಲಾರಿ ಇನ್ನೂ ಮೈಸೂರು ರಾಜ್ಯಕ್ಕೆ ಕಾಲಿಟ್ಟಿಲ್ಲ. ಕಾಲಿಡದ ರಾಜ್ಯದ ಪರ್ಮಿಟ್ ಏಕೆ ಬೇಕು?

"ನಾ ಏನೂ ಕೇಳಿಲ್ಲ, ತಿಳೀತೇನು?" ಎಂದು ರಾಯರು ಮತ್ತೆ ಅಗಿಯತೊಡಗಿದರು. "ಆ ಪೂಜಾರಿನ ಪೊಲೀಸರು ಸಾಕ್ಷಿ ಹಾಕ್ಯಾರ. ಯಾವಾಗಲೂ ಅಲ್ಲೇ ಇರತಾನ ಅಂತ ಅವನ ಹೆಬ್ಬೆಟ್ಟು ಒತ್ತಿಸಿಕೊಂಡಾರ. ಅವನ್ನ ಮೊದಲು ಹೋಗಿ ಮಾತಾಡಿಸಬ್ಯಾಡ. ಕಟಕಟಿಯೊಳಗ ಮಾತಾಡಸು. ಮತ್ತ ಆ ಮೂಗು ಮನಿಯೊಳಗ ಬಿಟ್ಟು ಹೋಗು."

ವಿಚಾರಣೆಯ ದಿನ ಆಚೆ ಕೋರ್ಟಿನ ಜಗಲಿಯಲ್ಲಿ ಸಾಹುಕಾರರ ಗುಮಾಸ್ತ ಈರಣ್ಣನನ್ನು ಬದಿಗೆ ಕರೆದ. ನಾನು ಕಂಬದ ಈಚೆ ನಿಂತು ಕೇಳಿಸಿಕೊಂಡೆ. ನಾಚಿಕೆ ನನ್ನ ಕಸುಬಿನಲ್ಲಿ ಇರಲಿಲ್ಲ.

"ಎಂದುಕುರಾ, ಯಾಕ ಬೇಕು ಈ ಗೊಡವೆ? ಒಪ್ಪಿಬಿಡು. ದಂಡ ಸಾಹುಕಾರ್ರು ಕಟ್ತಾರ. ಲೈಸೆನ್ಸ್ ಹೋದ್ರ ಮಿಲ್ಲಿನಾಗ ಅಂಡಿಗಿ ಹೊರೋ ಕೆಲಸ ಕೊಡ್ತಾರ. ಬಿಟ್ಟು ಹಾಕಂಗಿಲ್ಲ ನಿನ್ನ."

ಈರಣ್ಣ ತನ್ನ ಅಂಗೈ ನೋಡಿಕೊಂಡ. ಅವನು ಒಳಗೆ ಹೋಗಿ ಏನು ಹೇಳುತ್ತಾನೋ ನನಗೆ ಗೊತ್ತಿರಲಿಲ್ಲ. ಈ ಸಲ ನನ್ನ ಬೆರಳು ಅವನ ಬೆನ್ನಿನ ಹತ್ತಿರವೂ ಹೋಗಬಾರದು ಎಂದು ಎರಡೂ ಕೈ ಕಟ್ಟಿಕೊಂಡು ನಡೆದೆ.

ನನ್ನ ಸರದಿ ಮೊದಲು ಬಂತು. ಪೊಲೀಸರ ಪರವಾಗಿ ಕೇಸು ನಡೆಸುವ ಇನ್‌ಸ್ಪೆಕ್ಟರು ಎದ್ದು, "ಸ್ವಾಮಿ, ಇವರು ಆಂಧ್ರದ ವಕೀಲರು. ಈ ರಾಜ್ಯದಲ್ಲಿ ನಿಲ್ಲೋ ಅಧಿಕಾರ ಇವರಿಗಿಲ್ಲ" ಎಂದರು. ಮಾತು ತಪ್ಪಾಗಿರಲಿಲ್ಲ. ರಾಯರು ಬಂದಾಗ ತಪ್ಪೊಪ್ಪುವ ಕೆಲಸಕ್ಕೆ, ನಾನು ಬಂದಾಗ ಸೈಕಲ್ಲಿನ ದೀಪಕ್ಕೆ, ಯಾರೂ ಸನ್ನದು ಕೇಳಿರಲಿಲ್ಲ. ಲಾರಿಯ ಕೇಸನ್ನು ಒಪ್ಪದವನು ಬಂದಾಗ ಕೇಳಿದರು.

"ಮಹಾಸ್ವಾಮಿ, ನನ್ನ ಕಕ್ಷಿದಾರನ ಗಾಡಿಗೆ ಈ ರಾಜ್ಯದ ಮೇಲುರುಜು ಇಲ್ಲ. ನನಗೂ ಇಲ್ಲ" ಎಂದೆ. "ಇಬ್ಬರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದರೆ ಕೋರ್ಟಿನ ಸಮಯ ಉಳಿಯುತ್ತದೆ. ಆದರೆ ಕೋರ್ಟು ಅನುಮತಿ ಕೊಟ್ಟರೆ ಯಾರು ಬೇಕಾದರೂ ಆರೋಪಿಯ ಪರ ನಿಲ್ಲಬಹುದು ಎಂದು ಕ್ರಿಮಿನಲ್ ಪ್ರೊಸೀಜರ್ ಕೋಡು ಹೇಳುತ್ತದೆ. ಆ ಅನುಮತಿ ಬೇಡುತ್ತೇನೆ."

ಮ್ಯಾಜಿಸ್ಟ್ರೇಟರು ಮಿತ ಮಾತಿನವರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬೆಳದಿಂಗಳು ಇರುವುದಿಲ್ಲ ತಾನೇ?" ಎಂದರು. ಇಲ್ಲ ಎಂದೆ. ಅನುಮತಿ ಸಿಕ್ಕಿತು.

ಈರಣ್ಣನನ್ನು ಕೇಳಿದರು, "ತಪ್ಪು ಒಪ್ಪುತ್ತೀಯಾ?"

ಅವನು ಗಂಟಲು ಸರಿಮಾಡಿಕೊಂಡ. ಸಾಹುಕಾರರ ಗುಮಾಸ್ತ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದ.

"ಇಲ್ಲ ಬುದ್ಧೀ."

ಬೆಂಚ್ ಗುಮಾಸ್ತ ಅಭ್ಯಾಸಬಲದಿಂದ ಆಗಲೇ 'ಒಪ್ಪಿದ್ದಾನೆ' ಎಂದು ಬರೆದಾಗಿತ್ತು. ಅವನು ತಲೆಯೆತ್ತಿ, "ಏನಂದೆ?" ಎಂದ. ಈರಣ್ಣ ಇನ್ನೊಮ್ಮೆ, ಈ ಸಲ ಇಂಜಿನ್ನಿನ ಮೇಲೆ ಮಾತಾಡುವ ದನಿಯಲ್ಲಿ, "ಇಲ್ಲ ಅಂದೆ ರಿ" ಎಂದ. ಗುಮಾಸ್ತ ಬರೆದದ್ದನ್ನು ಹೊಡೆದು ಹಾಕುವ ಸದ್ದು ಕೋರ್ಟಿಗೆಲ್ಲ ಕೇಳಿತು.

ದಫೇದಾರರು ಮೊದಲ ಸಾಕ್ಷಿ. ಮೈಸೂರಿನ ಕಡೆಯವರು, ಒಳ್ಳೆಯ ಮೀಸೆ, ನಿಧಾನದ ಮಾತು. ಗಾಡಿ ನಿಲ್ಲಿಸಿದೆ, ಕಾಗದ ಕೇಳಿದೆ, ಮೇಲುರುಜು ಇರಲಿಲ್ಲ ಎಂದು ಹೇಳಿದರು. ನಾನು ಎದ್ದೆ.

"ಕೈ ತೋರ್ಸಿ ನಿಲ್ಸಿದ್ರಾ ದಫೇದಾರ್ರೇ?"

"ಇಲ್ಲ ಸ್ವಾಮಿ. ನಿಂತಿತ್ತು."

"ಎಲ್ಲಿ ನಿಂತಿತ್ತು?"

"ದುರುಗಮ್ಮನ ಕಲ್ಲತ್ರ."

"ಚಕ್ರ ನೀರಿಗಿಳಿದಿತ್ತಾ?"

"ಇನ್ನೂ ಇಳ್ದಿರ್ಲಿಲ್ಲ. ಇಳ್ದ್ಮೇಲೆ ಎಲ್ಲಿ ಸಿಕ್ತವೆ ಸ್ವಾಮಿ ಅವು?"

"ಮತ್ತೆ ಮೈಸೂರು ರಾಜ್ಯಕ್ಕೆ ಬಂದಿತ್ತು ಅಂತ ಯಂಗೇಳ್ತೀರಿ?"

ಈ ಕೊನೆಯ ಪ್ರಶ್ನೆ ನನಗೇ ಅರಿವಿಲ್ಲದೆ ಪೂರಾ ಅವರದೇ ದನಿಯಲ್ಲಿ, ಅವರದೇ ಮೀಸೆಯೊಡನೆ ಹೊರಬಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದವರು ತಲೆಯೆತ್ತದೆ, "ವಕೀಲರೇ, ಒಬ್ಬರು ದಫೇದಾರರು ಸಾಕು" ಎಂದರು.

ದಫೇದಾರರು ಮಾತ್ರ ಸಿಟ್ಟಾಗದೆ, "ದುರುಗಮ್ಮ ನಮ್ಮೂರೋಳು ಸ್ವಾಮಿ. ಅವಳೆಲ್ಲಿದ್ರೆ ಅದು ನಮ್ಮೂರು. ಇವರ ಡ್ರೈವರ್‌ನೇ ಕೇಳಿ ಬೇಕಾದ್ರೆ" ಎಂದರು. ಈರಣ್ಣ ಕಟಕಟೆಯಲ್ಲಿ ನಿಂತು ಹೌದೆಂದು ತಲೆಯಾಡಿಸಿಬಿಟ್ಟ. ಮುಂದಿನ ಸಾಕ್ಷಿ ತಿಮ್ಮಪ್ಪ ಏನು ಹೇಳುತ್ತಾನೆ ಎಂಬುದರ ಮೇಲೆ ಈರಣ್ಣನ ಹೊಟ್ಟೆಪಾಡು ನಿಂತಿತು.

ಇನ್‌ಸ್ಪೆಕ್ಟರು ಪೂಜಾರಿಯನ್ನು ಕೇಳಿದರು, "ದುರುಗಮ್ಮ ಯಾವೂರ ದೇವರು?"

"ನಮ್ಮೂರಾಕಿ ರಿ. ಮತ್ಯಾರ ಊರಾಕಿ?"

ಇನ್‌ಸ್ಪೆಕ್ಟರು ಸಮಾಧಾನದಿಂದ ಕೂತರು. ನಾನು ಎದ್ದೆ. ಮೂಗನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

"ತಿಮ್ಮಪ್ಪಜ್ಜ, ಪೂಜೆಗೆ ಚಪ್ಪರ ಹಾಕುವಾಗ ಕಂಬಕ್ಕೆ ಗುಣಿ ತೆಗೆಯುತ್ತೀರಲ್ಲ, ಯಾರನ್ನಾದರೂ ಕೇಳುತ್ತೀರೋ, ಸುಮ್ಮನೆ ತೆಗೆಯುತ್ತೀರೋ?"

"ಸುಮ್ಮನ ಹೆಂಗ ತೆಗೀಲಿ? ಹಳ್ಳದ ಆ ಕಡೆ ಗೌಡ್ರಿಗೆ ಎಲಿ ಅಡಕಿ ಕೊಟ್ಟು ಕೇಳತೀನಿ. ಅವರು ಹೂಂ ಅಂದ್ರ ಗುಣಿ."

"ನಿಮ್ಮ ದೇವರಿಗೆ ಅವರನ್ನು ಏಕೆ ಕೇಳಬೇಕು?"

"ನೆಲ ಅವರದಲ್ಲೇನಪ್ಪಾ" ಎಂದ ಮುದುಕ. "ನಮ್ಮಪ್ಪನೂ ಕೇಳತಿದ್ದ, ನಮ್ಮ ಮುತ್ಯಾನೂ ಕೇಳತಿದ್ದ. ಕೇಳಲಿಲ್ಲಂದ್ರ ಆಕಿ ಸಿಟ್ಟಾಗತಾಳ."

ಇನ್‌ಸ್ಪೆಕ್ಟರು ಧಡಕ್ಕನೆ ಎದ್ದರು. "ಈಗ ತಾನೇ ದುರುಗಮ್ಮ ನಿಮ್ಮೂರೋಳು ಅಂದ್ಯಲ್ಲಪ್ಪ."

"ಈಗೂ ಅಂತೀನಿ. ಮಗಳು ನಮ್ಮಾಕಿ. ಕೊಟ್ಟದ್ದು ಅವರ ನೆಲಕ್ಕ. ನಿಮ್ಮ ಕಡೆ ಮಗಳನ್ನ ಕೊಟ್ಟಮ್ಯಾಲೆ ಅಳಿಯನ ಮನಿನೂ ನಮ್ದು ಅಂತೀರೇನು?"

ಕೋರ್ಟು ನಕ್ಕಿತು. ದಫೇದಾರರೂ ಮೀಸೆಯ ಒಳಗೇ ನಕ್ಕರು. ಮ್ಯಾಜಿಸ್ಟ್ರೇಟರು ನಗದೆ ಅಷ್ಟನ್ನೂ ಬರೆದುಕೊಂಡರು. ಊಟಕ್ಕೆ ಏಳುವ ಮುನ್ನ, ಅದೇ ಕಟ್ಟಡದಲ್ಲಿದ್ದ ತಾಲ್ಲೂಕು ಕಚೇರಿಯಿಂದ ಸರಹದ್ದಿನ ನಕ್ಷೆ ತರಲು ಹೇಳಿದರು. ಊಟದ ನಂತರ ಮುದುಕನ ಮಾತು ಸರಿ ಎಂದು ನಕ್ಷೆಯೂ ಹೇಳಿತು. ಲಾರಿ ಈ ಕೋರ್ಟಿನ ಸರಹದ್ದಿಗೆ ಬರುವ ಮೊದಲೇ ಹಿಡಿಯಲಾಗಿದೆ, ಆರೋಪಿ ಬಿಡುಗಡೆ ಎಂದು ಓದಿದರು. ಮೂರನೆಯ ಬರಹ ಬೀಳದ ಲೈಸೆನ್ಸನ್ನು ಬೆಂಚ್ ಗುಮಾಸ್ತ ಈರಣ್ಣನ ಕೈಗೆ ಕೊಟ್ಟ. ಹಿಂದಿನ ಎರಡನ್ನೂ ಅದೇ ಮರದ ಕೆಳಗೆ ಹಿಡಿದದ್ದು ಎಂದು ನಾನು ಶುರು ಮಾಡಿದೆ. ಅವನ್ನು ಅವನೇ ಒಪ್ಪಿದ್ದಾನೆ, ಅದಕ್ಕೆ ಮೇಲಿನ ಕೋರ್ಟಿಗೆ ಹೋಗಿ ಎಂದರು ಮ್ಯಾಜಿಸ್ಟ್ರೇಟರು. ಹೋದೆವು, ಆ ಕಥೆ ಉದ್ದ, ಅದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಹೊರಗೆ ದಫೇದಾರರು ನನ್ನ ಹತ್ತಿರ ಬಂದು, "ನನ್ನಂಗೆ ಮಾತಾಡ್ತೀರಂತೆ. ಇನ್ನೊಂದ್ಸಲ ಮಾಡಿ ನೋಡಾನ" ಎಂದರು. ಮಾಡಿದೆ. ಕೇಳಿ, "ಅಷ್ಟು ನಿಧಾನ ಇಲ್ಲ ಬಿಡಿ ನಾನು" ಎಂದು ನಿಧಾನವಾಗಿ ಹೇಳಿದರು. ನಾಳೆಯಿಂದ ಹಳ್ಳದ ಆಚೆ ದಂಡೆಯಲ್ಲೇ ನಿಲ್ಲುವುದಾಗಿಯೂ, ಬಿಸಿಲಿಗೆ ಕೊಡೆ ಹಿಡಿಯುವುದಾಗಿಯೂ ಹೇಳಿದರು. ಹೇಳಿದಂತೆ ನಡೆದುಕೊಂಡರು. ಅಲ್ಲಿ ನಿಂತು ಹಿಡಿದರೆ ನನ್ನ ಹತ್ತಿರ ಯಾವ ವಾದವೂ ಇರುವುದಿಲ್ಲ ಎಂಬುದು ಈರಣ್ಣನಿಗೂ ತಿಳಿಯಿತು.

ಅಲ್ಲಿಂದ ನಾವಿಬ್ಬರೂ ನೇರವಾಗಿ ಆದೋನಿಗೆ, ಸಾಹುಕಾರ ಚನ್ನಪ್ಪನವರ ಅಂಗಳಕ್ಕೆ ಹೋದೆವು. ಲಾರಿಗಳು ಅಲ್ಲಿ ನಿಂತಿದ್ದವು. ಡ್ರೈವರುಗಳು ಮರದ ಬುಡದಲ್ಲಿ ಬೀಡಿ ಸೇದುತ್ತ ಕೂತಿದ್ದರು. ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು.

ಸಾಹುಕಾರರು ಗಾದಿಯ ಮೇಲೆ ಕೂತೇ, "ಏಮಿರಾ ಈರಣ್ಣಾ, ನುವ್ವು ಕೂಡಾ ವಕೀಲುವಾ? ನೀನೂ ವಕೀಲ ಆದೇನು? ನಿನ್ನ ಕೇಸಿನಿಂದ ಗಾಡಿ ಒಂದು ದಿನ ನಿಂತು ಹೋತು" ಎಂದರು. ನನ್ನ ಕಡೆ ನೋಡಲಿಲ್ಲ. "ಆಗಿದ್ದು ಆತು. ನಾಳಿ ಬೆಳಿಗ್ಗಿ ಅಂಡಿಗಿ ಆಚೆಗೆ ಹೋಗಬೇಕು. ತಗೊಂಡು ಹೋಗು."

"ಮೇಲುರುಜು ಆತೇನ್ರಿ?"

"ಆಗತೈತಿ ಬಿಡು. ಹಿಡಿದರ ದಂಡ ನಾ ಕಟ್ಟಂಗಿಲ್ಲೇನು? ಎಂದಾದರೂ ನಿನ್ನ ಕೈಲೆ ಕಟ್ಟಿಸೀನಾ?"

ಈರಣ್ಣ ಸೊಂಟದಿಂದ ಲಾರಿಯ ಬೀಗದಕೈ ತೆಗೆದು ಗಾದಿಯ ಅಂಚಿಗೆ ಇಟ್ಟ. ಎಸೆಯಲಿಲ್ಲ, ಮೆಲ್ಲಗೆ ಇಟ್ಟ.

"ದಂಡ ನೀವು ಕಟ್ಟತೀರಿ, ಇಲ್ಲ ಅನ್ನಂಗಿಲ್ಲ. ಬರಿಯೋದು ಮಾತ್ರ ನನ್ನ ಲೈಸೆನ್ಸಿನಾಗ. ಗಾಡಿ ನಿಮ್ದು, ಇಟ್ಟೀನಿ. ಲೈಸೆನ್ಸ್ ನಂದು, ಇಟ್ಕೋತೀನಿ."

ಸಾಹುಕಾರರು ಮರದ ಕಡೆ ತಿರುಗಿ, "ಯಾರು ತಗೊಂಡು ಹೋಗತೀರಿ?" ಎಂದು ಕೇಳಿದರು. ಒಬ್ಬ ತನ್ನ ಟೈರಿನಲ್ಲಿ ಏನೋ ಕಂಡವನಂತೆ ಬಗ್ಗಿ ನೋಡತೊಡಗಿದ. ಇನ್ನೊಬ್ಬ ರುಮಾಲು ಬಿಚ್ಚಿ ಹೊಸದಾಗಿ ಸುತ್ತತೊಡಗಿದ. ಎಲ್ಲರಿಗಿಂತ ಹಿರಿಯವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, "ನನ್ನ ಲೈಸೆನ್ಸಿನಾಗೂ ಎರಡು ಅದಾವ್ರಿ ಸಾಹುಕಾರ್ರ" ಎಂದ.

ಆಗ ಸಾಹುಕಾರರು ನನ್ನನ್ನು ನೋಡಿದರು. "ನೀನ ಕೆಡಿಸಿದಿ ಇವರನ್ನ. ರಾಯರಿಗೆ ಹೇಳತೀನಿ, ತಡಿ." ನನ್ನ ಗಂಟಲಿನ ತುದಿಯಲ್ಲಿ ಅವರದೇ ದನಿ ಸಿದ್ಧವಾಗಿ ನಿಂತಿತ್ತು. ಅಂದು ಅದನ್ನು ನುಂಗಿಕೊಂಡೆ. ಅಲ್ಲಿ ಮಾತಾಡಬೇಕಾದವನು ಈರಣ್ಣ, ಅವನು ಮಾತಾಡಿ ಮುಗಿಸಿದ್ದ.

ರಾಯರು ನನ್ನನ್ನು ಬೆಂಚಿನಿಂದ ತೆಗೆಯಲಿಲ್ಲ. ಸಾಹುಕಾರರು ಬಂದು ದೂರು ಹೇಳಿದಾಗ ಮೂರು ಸಲ ಕೆಮ್ಮಿ, ಹುಡುಗ ಗೆದ್ದಾನಲ್ಲ, ಗೆದ್ದವನನ್ನು ತೆಗೆದರೆ ಊರವರು ನನ್ನನ್ನು ಏನಂದಾರು ಎಂದು ಕೇಳಿದರಂತೆ. ನಾನು ಆ ದಿನ ಕಚೇರಿಯಲ್ಲಿ ಇರಲಿಲ್ಲ. ಗುಮಾಸ್ತ ಮಾಡಿ ತೋರಿಸಿದ, ಕೆಟ್ಟದಾಗಿ.

ಹತ್ತಿ ಅಂಡಿಗೆಗಳು ಅಂಗಳದಲ್ಲೇ ಕೂತವು. ಆಚೆಯ ವ್ಯಾಪಾರಿ ದಿನಾ ತಂತಿ ಕಳಿಸತೊಡಗಿದ. ಈರಣ್ಣ ದಿನಾ ಬೆಳಿಗ್ಗೆ ಬಂದು ಲಾರಿಯ ಗಾಜು ಒರೆಸಿ, ರೇಡಿಯೇಟರಿಗೆ ನೀರು ಹಾಕಿ, ಬೀಗದಕೈ ಮುಟ್ಟದೆ ಮರದ ಬುಡದಲ್ಲಿ ಕೂರುತ್ತಿದ್ದ. ಮಳೆ ಮೋಡ ಕಾಣಿಸಿಕೊಂಡ ದಿನ ಸಾಹುಕಾರರ ಗುಮಾಸ್ತ ಕಂಕುಳಲ್ಲಿ ಪರ್ಮಿಟ್ಟಿನ ಕಾಗದಗಳನ್ನು ಇಟ್ಟುಕೊಂಡು ಮೇಲುರುಜು ಮಾಡಿಸಲು ಬಳ್ಳಾರಿಗೆ ಹೊರಟ. ಲಾರಿಯಲ್ಲಿ ಬಿಟ್ಟು ಬಾ ಎಂದು ಸಾಹುಕಾರರು ಹೇಳಿದಾಗ ಈರಣ್ಣ ಕೂತಲ್ಲಿಂದಲೇ, "ಬಸ್ಸಿಗೆ ಹೋಗ್ಲಿ ಬಿಡ್ರಿ. ಅದಕ್ಕ ಪರ್ಮಿಟ್ ಐತಿ" ಎಂದ.